ಹಾಡುಗಾರನ ತಿಥಿ

ಕಳೆದ ತಿಂಗಳು ವಿಜಯವಾಡದಿಂದ ನನಗೊಂದು ಕಾರ್ಡು ಬಂತು. ನಾಲ್ಕೂ ಮೂಲೆಗೆ ಕಪ್ಪು ಶಾಯಿ ಬಳಿದಿತ್ತು. ಇಂಥ ಕಾರ್ಡನ್ನು ಓದಿದ ಕೂಡಲೇ ಹರಿದು ಹಾಕಬೇಕು, ಮನೆಯಲ್ಲಿ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗೆ ಹರಿಯುವ ಮನಸ್ಸು ಬರಲಿಲ್ಲ. ನನ್ನ ಹಳೆಯ ಮೇಲಧಿಕಾರಿಯೊಬ್ಬರ ಹೆಂಡತಿಯ ದುಂಡನೆಯ ಅಕ್ಷರಗಳಲ್ಲಿ ಮೂರೇ ಸಾಲು ಇತ್ತು: ಇವರು ಹೋದರು, ತೊಂದರೆಪಡಲಿಲ್ಲ, ನಿಮ್ಮನ್ನು ಆಗಾಗ ನೆನೆಯುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಬ್ಯಾಂಕಿನ ಹಳಬರು ಹೇಗೂ ಗುರುತು ಹಿಡಿಯುತ್ತಾರೆ, ಉಳಿದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಎಂಬತ್ತರ ದಶಕದ ನಡುವಿನಲ್ಲಿ ನಾನು ಧಾರವಾಡದ ಕಡೆಯಿಂದ ವಿಶಾಖಪಟ್ಟಣದ ಶಾಖೆಗೆ ಹೊಸದಾಗಿ ಗುಮಾಸ್ತನಾಗಿ ಹೋದಾಗ ಅವರು ಅಲ್ಲಿ ಅಕೌಂಟೆಂಟ್. ಮೈಸೂರಿನವರು. ಬಿಳಿ ಅರ್ಧ ತೋಳಿನ ಶರಟು, ಹಣೆಯಲ್ಲಿ ಕಂಡೂ ಕಾಣದ ಅಕ್ಷತೆಯ ಗೆರೆ, ಕಾಲಿಗೆ ಎಕ್ಕಡ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಹಣೆಯ ಮೇಲೆ ಕೊಬ್ಬರಿಎಣ್ಣೆ ಹಾಕಿ ಎಬ್ಬಿಸಿ ನಿಲ್ಲಿಸಿದ ಒಂದು ಕೂದಲಿನ ಗುಪ್ಪೆ ಇತ್ತು. ವಿಶಾಖಪಟ್ಟಣದ ಸಮುದ್ರದ ಗಾಳಿ ಕಿಟಕಿಯ ಸರಳುಗಳನ್ನೇ ತಿಂದು ಹಾಕುತ್ತಿತ್ತು, ಆ ಗುಪ್ಪೆಯನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಅದು ಯಾರ ಅನುಕರಣೆ ಎಂದು ನನಗೆ ಮೊದಲ ವಾರದಲ್ಲೇ ಹೇಳಿದರು. ಅಮೆರಿಕದ ಒಬ್ಬ ರಾಕ್ ಅಂಡ್ ರೋಲ್ ಹಾಡುಗಾರ. ಆಗ ಅವನು ಸತ್ತು ಕೆಲವು ವರ್ಷಗಳಾಗಿದ್ದವು. ಒಂದು ಕಾಲಕ್ಕೆ ಲೋಕವನ್ನೇ ಕುಣಿಸಿದವನು, ಮುಪ್ಪು ಬರುವ ಮೊದಲೇ ಹೋದವನು. ಅವರು ಅವನನ್ನು ಬರೀ 'ಹಾಡುಗಾರ' ಎನ್ನುತ್ತಿದ್ದರು. ಬೇರೆ ಯಾವ ಹಾಡುಗಾರನೂ ಈ ಭೂಮಿಯ ಮೇಲೆ ಇಲ್ಲವೇನೋ ಎಂಬಂತೆ.

ಅವರ ಕೆಲಸವನ್ನು ನೋಡದವರಿಗೆ ಅವರು ಗೊತ್ತಾಗುವುದಿಲ್ಲ. ದಿನದ ಕೊನೆಗೆ ವೋಚರುಗಳ ಕಟ್ಟು ಮುಂದಿಟ್ಟುಕೊಂಡು ಮುದ್ರೆ ಒತ್ತಲು ಕೂತರೆ ಇಡೀ ಶಾಖೆಗೆ ಕೇಳುತ್ತಿತ್ತು. ಪ್ಯಾಡಿನ ಮೇಲೆ ಒಂದು, ಕಾಗದದ ಮೇಲೆ ಎರಡು, ಮತ್ತೆ ಪ್ಯಾಡಿನ ಮೇಲೆ ಒಂದು. ಕಣ್ಣು ಮುಚ್ಚಿ ಕೇಳಿದರೆ ಯಾರೋ ಡ್ರಮ್ ಬಾರಿಸುತ್ತಿದ್ದಾರೆ ಎನ್ನಬೇಕು. ನಾನು ಒಮ್ಮೆ ಸೋಮಾರಿತನದಿಂದ ಮುದ್ರೆಗಳನ್ನು ಅಡ್ಡಾದಿಡ್ಡಿ ಒತ್ತಿದ್ದಕ್ಕೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ನೋಡಿ ಧಾರವಾಡದೋರೇ, ತಾಳ ತಪ್ಪಿದ್ರೆ ಶಾಯಿ ಹರಡುತ್ತೆ. ಮುದ್ರೆ ಒತ್ತೋದಲ್ಲ, ಕೂರಿಸೋದು." ಆ ಊರು ಬಿಡುವವರೆಗೂ ನಾನು ಅವರ ಬಾಯಲ್ಲಿ 'ಧಾರವಾಡದೋರೇ' ಆಗಿಯೇ ಉಳಿದೆ.

ಹಾಡುಗಳನ್ನು ಅವರು ಹಾಡುತ್ತಿರಲಿಲ್ಲ. ಗಂಟಲಿಗೆ ಶ್ರುತಿ ಎಂಬುದೇ ಇರಲಿಲ್ಲ. ಅರ್ಥ ಹೇಳುತ್ತಿದ್ದರು, ಥೇಟ್ ಹರಿಕಥೆ ದಾಸರ ಹಾಗೆ. ಒಂದು ಭಾನುವಾರ ಶಾಖೆಯವರೆಲ್ಲ ಋಷಿಕೊಂಡದ ಕಡಲತೀರಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಅವರ ಟೇಪ್ ರೆಕಾರ್ಡರಿನೊಳಗೆ ಮರಳು ಹೋಗಿ ಹಾಡು ನಿಂತಿತು. ಹಲ್ಲುಜ್ಜುವ ಬ್ರಷ್ಷಿನಿಂದ ಮರಳು ತೆಗೆಯುತ್ತಾ ಅವರೇ ಕಥೆ ಮುಂದುವರಿಸಿದರು. "ಇವನಿಗೆ ಹುಡುಗಿ ಕೈ ಕೊಟ್ಟಿದ್ದಾಳೆ. ಅಳಬೇಕಾಗಿತ್ತು. ಆದ್ರೆ ಕುಣೀತಿದಾನೆ. ಯಾಕೆ? ಅತ್ರೆ ಜನ ಯಾಕಪ್ಪಾ ಅಂತ ಕೇಳ್ತಾರೆ. ಕುಣಿಯೋನನ್ನ ಯಾರೂ ಏನೂ ಕೇಳಲ್ಲ." ನಾವೆಲ್ಲ ನಕ್ಕೆವು. ಅವರ ಹೆಂಡತಿ ನಗಲಿಲ್ಲ, ಚಿತ್ರಾನ್ನದ ಡಬ್ಬಿ ತೆರೆದು ಎಲ್ಲರಿಗೂ ಬಡಿಸಲು ಎದ್ದರು. ಆಕೆಯನ್ನು ನಾನು ನಮ್ಮ ಕಡೆಯ ರೂಢಿಯಂತೆ 'ವೈನಿ', ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಮೈಸೂರಿನ ಕಿವಿಗೆ ಅದು ಹೊಸದು, ಕೇಳಿದಾಗಲೆಲ್ಲ ಸಣ್ಣಗೆ ನಗುತ್ತಿದ್ದರು. ಅವರಿಗೆ ಮಕ್ಕಳಿಲ್ಲ ಎಂದು ಶಾಖೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮಾತನ್ನು ಯಾರೂ ಅವರ ಮುಂದೆ ಎತ್ತುತ್ತಿರಲಿಲ್ಲ.

ವಿಶಾಖಪಟ್ಟಣದಂಥ ಬಂದರಿನ ಊರಿನಲ್ಲಿ ಹಾಡುಗಾರನಿಗೆ ಅಭಿಮಾನಿಗಳಿದ್ದುದು ಆಶ್ಚರ್ಯವಲ್ಲ. ಹಡಗಿನವರು ತಂದ ರೆಕಾರ್ಡುಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಅವರ ಗುಂಪಿನಲ್ಲಿ ಮುಖ್ಯರಾದವರು ಇಬ್ಬರು. ಒಬ್ಬರು ವಾಲ್ತೇರಿನ ರೈಲ್ವೆ ಕಾಲೊನಿಯಲ್ಲಿದ್ದ ನಿವೃತ್ತ ಗಾರ್ಡ್, ಆಂಗ್ಲೋ ಇಂಡಿಯನ್ ಮುದುಕರು. ಹೆಂಡತಿ ತೀರಿಕೊಂಡಿದ್ದರು. ಇಂಗ್ಲಿಷಿನಷ್ಟೇ ಸಲೀಸಾಗಿ ಸ್ಟೇಷನ್ನಿನ ತೆಲುಗು ಆಡುತ್ತಿದ್ದರು. ನಾವೆಲ್ಲ ಅವರನ್ನು ಗಾರ್ಡ್ ಸಾಹೇಬರು ಎನ್ನುತ್ತಿದ್ದೆವು. ಇನ್ನೊಬ್ಬ ಜಗದಾಂಬ ಜಂಕ್ಷನ್ನಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ ಟೈಲರ್ ಸತ್ಯಂ. ಹಾಡಿನ ಒಂದು ಮಾತೂ ಅವನಿಗೆ ಅರ್ಥವಾಗುತ್ತಿರಲಿಲ್ಲ. ಹಾಡುಗಾರನ ಅಂಗಿಯ ಕಾಲರನ್ನು ಫೋಟೋದಲ್ಲಿ ನೋಡಿ ಭಕ್ತನಾದವನು.

ಇವರೆಲ್ಲ ವರ್ಷಕ್ಕೊಮ್ಮೆ, ಹಾಡುಗಾರ ಸತ್ತ ದಿನ, ಮಹಾರಾಣಿಪೇಟೆಯಲ್ಲಿದ್ದ ನಮ್ಮ ಅಕೌಂಟೆಂಟರ ಬಾಡಿಗೆ ಮನೆಯ ಮಹಡಿಯಲ್ಲಿ ಸಂಜೆ ಸೇರುತ್ತಿದ್ದರು. ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರ, ಅದಕ್ಕೊಂದು ಗಂಧದ ಹಾರ. ಗಾರ್ಡ್ ಸಾಹೇಬರು ರೆಕಾರ್ಡುಗಳನ್ನು ಹಳೆಯ ಟವಲಿನಲ್ಲಿ ಸುತ್ತಿಕೊಂಡು, ಕೂಸನ್ನು ತರುವ ಹಾಗೆ ತರುತ್ತಿದ್ದರು. ವೈನಿ ವಡೆ, ಪಾಯಸ ಮಾಡುತ್ತಿದ್ದರು. ಜೊತೆಗೆ ಚಿತ್ರದ ಮುಂದೆ ಒಂದು ಪುಟ್ಟ ಬೆಳ್ಳಿ ಬಟ್ಟಲಲ್ಲಿ ಸಕ್ಕರೆ ಹಾಕಿ ಕಿವುಚಿದ ಹಾಲನ್ನ ಇಡುತ್ತಿದ್ದರು. "ಅಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಸಣ್ಣ ಬಟ್ಟಲೇ ತಾಯಿ?" ಎಂದು ಗಾರ್ಡ್ ಸಾಹೇಬರು ಪ್ರತಿ ವರ್ಷ ಚೇಷ್ಟೆ ಮಾಡುತ್ತಿದ್ದರಂತೆ. ನಾನು ಸೇರಿದ ಮೇಲೂ ಮಾಡಿದರು.

ಹಾಡುಗಳು ಒಂದಾದ ಮೇಲೊಂದು ನಡೆದು, ಕೊನೆಗೆ ಒಂದು ನಿಧಾನದ ಹಾಡು ಬರುತ್ತಿತ್ತು. ಅದು ಶುರುವಾದ ಸ್ವಲ್ಪ ಹೊತ್ತಿಗೆ ಅವರು ಅಳುತ್ತಿದ್ದರು. ಕಣ್ಣು ಒದ್ದೆಯಾಗುವುದಲ್ಲ, ಬಿಕ್ಕಿ ಬಿಕ್ಕಿ ಅಳು. ಮೊದಲ ವರ್ಷ ನಾನು ಗಾಬರಿಯಾದೆ. ನಲವತ್ತು ದಾಟಿದ ಗಂಡಸು, ಹಗಲೆಲ್ಲ ನಮ್ಮ ತಪ್ಪು ಹಿಡಿಯುವ ಮೇಲಧಿಕಾರಿ, ಎಲ್ಲಿಯೋ ಸತ್ತ ಯಾರಿಗಾಗಿಯೋ ಹೀಗೆ ಅಳುವುದು ಹೇಗೆ? ಗಾರ್ಡ್ ಸಾಹೇಬರು ಮಾತ್ರ ತಲೆದೂಗುತ್ತಾ ಅವರ ಬೆನ್ನು ತಟ್ಟುತ್ತಿದ್ದರು. ನನ್ನ ಕಿವಿಯಲ್ಲಿ, "ಅಭಿಮಾನಿ ಅಂದರೆ ಹೀಗಿರಬೇಕು. ನಾವೆಲ್ಲ ಬರೀ ರೆಕಾರ್ಡು ಕೂಡಿಡುವವರು" ಎಂದರು. ವೈನಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಒಳಗೆ ಬಂದು ಕೂರಿ ಎಂದು ಯಾರೂ ಹೇಳಲಿಲ್ಲ, ಅವರೂ ಬರಲಿಲ್ಲ.

ಈ ದಿನದ ವಿಷಯದಲ್ಲಿ ಒಂದು ವಿಚಿತ್ರವಿತ್ತು. ಲೋಕವೆಲ್ಲ ಹಾಡುಗಾರನನ್ನು ಇಂಗ್ಲಿಷ್ ತಾರೀಖಿನ ಪ್ರಕಾರ ನೆನೆದರೆ ಇವರು ನೆನೆಯುತ್ತಿದ್ದುದು ತಿಥಿಯ ಪ್ರಕಾರ. ಆಷಾಢ ಬಹುಳ ದಶಮಿ. ಪಂಚಾಂಗ ನೋಡಿ, ಈ ಸಲ ಮಂಗಳವಾರ ಬರುತ್ತೆ, ಈ ಸಲ ಶುಕ್ರವಾರ ಎಂದು ಎಲ್ಲರಿಗೂ ಹೇಳಿ ಕಳಿಸುತ್ತಿದ್ದರು. ಗಾರ್ಡ್ ಸಾಹೇಬರಿಗೆ ಇದು ನುಂಗಲಾರದ ತುತ್ತು. "ಊರೆಲ್ಲ ಒಂದು ದಿನ ಅತ್ತರೆ ನಾವು ಇನ್ನೊಂದು ದಿನ ಅಳುವುದು ಯಾವ ನ್ಯಾಯ?" ಎಂದು ಕೂಗಾಡುತ್ತಿದ್ದರು. ಇವರು ಸಮಾಧಾನವಾಗಿ ಉತ್ತರ ಕೊಡುತ್ತಿದ್ದರು: "ಅಲ್ಲಿ ಹಗಲಾದ್ರೆ ನಮಗೆ ರಾತ್ರಿ. ತಾರೀಖೇ ಬೇರೆ ಆಗೋಗುತ್ತೆ. ಚಂದ್ರ ಒಬ್ನೇ ಅಲ್ವೇ ಸಾರ್? ತಿಥಿ ಎಲ್ಲಾದ್ರೂ ಒಂದೇ." ಪಂಚಾಂಗದ ಮುಂದೆ ಗಾರ್ಡ್ ಸಾಹೇಬರು ಸೋಲುತ್ತಿದ್ದರು.

ಮೂರನೆಯ ವರ್ಷ ನಾನು ಬಾಯಿ ತೆರೆದೆ.

ನನ್ನ ಅಜ್ಜ ಊರಿಗೆಲ್ಲ ಮುಹೂರ್ತ ಇಟ್ಟುಕೊಡುತ್ತಿದ್ದವರು. ತಿಥಿ, ವಾರ, ನಕ್ಷತ್ರ ನಮ್ಮ ಮನೆಯಲ್ಲಿ ಮಗ್ಗಿಯ ಹಾಗೆ ಬಾಯಿಪಾಠ. ಆ ಸಂಜೆ ವಡೆ ಮೆಲ್ಲುತ್ತಾ ಕೂತಿದ್ದಾಗ ತಟ್ಟನೆ ನೆನಪಾಯಿತು. ಹಾಡುಗಾರ ಸತ್ತ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದ್ದು ಜೋಕಾಲಿಯ ಮೇಲೆ ಕೂತು, ಕೈಯಲ್ಲಿ ಉಂಡಿ ಹಿಡಿದುಕೊಂಡು. ನಮ್ಮ ಕಡೆ ಜೋಕಾಲಿ ಕಟ್ಟುವುದು, ಉಂಡಿ ಕಟ್ಟುವುದು ನಾಗರ ಪಂಚಮಿಗೆ. ಪಂಚಮಿ ಬರುವುದು ಶ್ರಾವಣದಲ್ಲಿ, ಆಷಾಢದ ಅಮಾವಾಸ್ಯೆ ಕಳೆದ ಮೇಲೆ. ಇವರು ಮಾಡುತ್ತಿರುವುದು ಅಮಾವಾಸ್ಯೆಗೂ ಮೊದಲು!

ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಮರುದಿನ ಅವರೊಬ್ಬರಿಗೇ ಹೇಳಬಹುದಾಗಿತ್ತು. ಆದರೆ ಇಪ್ಪತ್ತನಾಲ್ಕರ ವಯಸ್ಸು, ದಿನವೂ ನನ್ನ ತಪ್ಪು ಹಿಡಿಯುವವರ ತಪ್ಪು ಹಿಡಿದ ಹುಮ್ಮಸ್ಸು. ಎಲ್ಲರ ಎದುರಿಗೆ ಹೇಳಿಬಿಟ್ಟೆ.

"ಸರ್, ತಿಥಿ ತಪ್ಪ್ಯದರಿ. ನಾ ಪಂಚಮಿ ಉಂಡಿ ತಿನ್ಕೋತ ಪೇಪರ್ ಓದೀನಿ. ಪಂಚಮಿ ಅಂದ್ರ ಶ್ರಾವಣ. ನೀವು ಆಷಾಢದಾಗ ಮಾಡ್ಲಿಕ್ಕತ್ತೀರಿ. ಹೆಚ್ಚು ಕಡಿಮಿ ಹತ್ತು ದಿನ ಮೊದಲಽ ಆತು."

ಗಾರ್ಡ್ ಸಾಹೇಬರಿಗೂ ಸತ್ಯಂಗೂ ನಾನೇ ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಮುದುಕರು ಎದ್ದು ಬಂದು ನನ್ನ ಕೈ ಕುಲುಕಿದರು. "ನಾನು ಇಷ್ಟು ವರ್ಷದಿಂದ ಹೇಳುತ್ತಿಲ್ಲವೇ! ಪಂಚಾಂಗದ ಪ್ರಕಾರವೂ ತಪ್ಪು!" ಎಂದು ಮಗುವಿನಂತೆ ಸಂಭ್ರಮಪಟ್ಟರು. ಸತ್ಯಂ ಚಪ್ಪಾಳೆ ತಟ್ಟಿದ. ಗದ್ದಲದಲ್ಲಿ ನಾನು ನಮ್ಮ ಅಕೌಂಟೆಂಟರ ಮುಖ ನೋಡಿದೆ. ಜಗಳಕ್ಕೆ ಬಂದಾರು, ನಕ್ಕಾರು, ಅಮೆರಿಕದ ಹಗಲು ರಾತ್ರಿಯ ಲೆಕ್ಕ ತೆಗೆದಾರು ಎಂದುಕೊಂಡಿದ್ದೆ. ಅವರು ಕೆಳಗೆ ನೆಲ ನೋಡುತ್ತಾ, "ಹೌದಲ್ವೇ" ಎಂದರು. ಆಮೇಲೆ, "ತಪ್ಪಾಗಿದೆ. ಮುಂದಿನ ವರ್ಷದಿಂದ ತಾರೀಖಿನ ಪ್ರಕಾರಾನೇ ಮಾಡೋಣ ಬಿಡಿ" ಎಂದರು. ವೈನಿ ಬಂದು ಚಿತ್ರದ ಮುಂದಿನ ಬೆಳ್ಳಿ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದರು. ಆ ಸಂಜೆ ನಿಧಾನದ ಹಾಡನ್ನು ಹಾಕಲೇ ಇಲ್ಲ. ನನಗೆ ಅದು ಹೊಳೆಯಲೂ ಇಲ್ಲ, ಗೆದ್ದ ಖುಷಿಯಲ್ಲಿ ಇನ್ನೆರಡು ವಡೆ ತಿಂದು ರೂಮಿಗೆ ಹೋದೆ.

ಮರುವರ್ಷ ಆಷಾಢ ಬಂತು. ಆ ದಿನ ದಶಮಿ ಎಂದು ನನಗೆ ನೆನಪೂ ಇರಲಿಲ್ಲ. ಅವರು ಎಂದಿನಂತೆ ಕೆಲಸಕ್ಕೆ ಬಂದಿದ್ದರು, ಆದರೆ ಏನೂ ಎಂದಿನಂತೆ ಇರಲಿಲ್ಲ. ಕನ್ನಡಕ ಮನೆಯಲ್ಲಿ ಮರೆತಿದ್ದರು. ಮುದ್ರೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಊಟದ ಬಿಡುವಿನಲ್ಲಿ ನಾನೇ, "ಕನ್ನಡಕ ತರ್ತೀನ್ರಿ ಸರ್" ಎಂದು ಸೈಕಲ್ ಹತ್ತಿದೆ. ಬೇಡ ಎನ್ನಲು ಅವರು ಬಾಯಿ ತೆರೆದರು, ನಾನು ಕೇಳಿಸಿಕೊಳ್ಳಲಿಲ್ಲ.

ಮನೆಯ ಬಾಗಿಲು ಓರೆಯಾಗಿತ್ತು. ವೈನಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಮಡಿಲಲ್ಲಿ ಆ ಬೆಳ್ಳಿ ಬಟ್ಟಲು, ಅದರಲ್ಲಿ ಹಾಲನ್ನ. ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡರು. ಆಗ ನನಗೆ ದಿನ ಯಾವುದೆಂದು ನೆನಪಾಯಿತು.

"ವೈನಿ, ಇವತ್ತ ದಶಮಿ ಅಲ್ಲೇನ್ರಿ?" ಎಂದೆ.

"ಹೌದು" ಎಂದರು. ಕೂರಿ ಎಂದರು. ನಾನು ನೆಲದ ಮೇಲೆಯೇ ಕೂತೆ.

"ನಮಗೊಂದು ಮಗು ಇತ್ತು. ನಿಮಗ್ಯಾರಿಗೂ ಗೊತ್ತಿಲ್ಲ. ಮೂರು ತುಂಬಕ್ಕೆ ಇನ್ನೂ ಎರಡು ತಿಂಗಳಿತ್ತು. ಜ್ವರ ಬಂತು, ನಾಲ್ಕೇ ದಿನ. ಆಷಾಢದ ದಶಮಿ ಅದು." ಆಕೆಯ ದನಿಯಲ್ಲಿ ಅಳು ಇರಲಿಲ್ಲ. ಬಹಳ ಸಲ ಮನಸ್ಸಿನಲ್ಲಿ ಹೇಳಿಕೊಂಡ ಮಾತುಗಳಂತೆ ಒಂದರ ಹಿಂದೊಂದು ಬಂದವು. "ಚೌಲ ಆಗಿರಲಿಲ್ಲ, ಉಪನಯನದ ಮಾತಂತೂ ದೂರ. ಅಂಥ ಮಕ್ಕಳಿಗೆ ವರ್ಷದ ತಿಥಿ ಇಲ್ವಂತಲ್ಲ. ಪುರೋಹಿತರು ಹೇಳ್ಬಿಟ್ರು. ನಮ್ಮ ಮಾವನವರು ಇನ್ನು ಆ ಹೆಸರು ಮನೇಲಿ ಎತ್ತಬೇಡಿ, ನೆನೆಸ್ತಾ ಕೂತ್ರೆ ಇನ್ನೊಂದು ಹುಟ್ಟಲ್ಲ ಅಂದ್ರು. ಎತ್ತಲಿಲ್ಲ. ಹುಟ್ಟಲೂ ಇಲ್ಲ."

ವೈನಿ ಬಟ್ಟಲಿನ ಅಂಚನ್ನು ಸೆರಗಿನಿಂದ ಒರೆಸಿದರು.

"ಮಗು ಹೋದಾಗ ಇವರು ಅಳಲಿಲ್ಲ. ಒಂದು ಹನಿ ಇಲ್ಲ. ನನಗೆ ಭಯ ಆಗಿತ್ತು. ಹತ್ತು ದಿನಕ್ಕೆ ಆ ಹಾಡುಗಾರ ಸತ್ತ ಅಂತ ಪೇಪರಲ್ಲಿ ಬಂತು ನೋಡಿ, ಪೇಪರ್ ಹಿಡ್ಕೊಂಡು ಕೂಗಿ ಕೂಗಿ ಅತ್ತರು. ಮೂರು ದಿನ. ಮಗನಿಗೆ ಬಾರದ ಅಳು ಆ ಪರದೇಶದೋನಿಗೆ ಬಂತಲ್ಲೋ ಅಂತ ಮಾವ ಬೈದ್ರು, ಊರೋರು ನಕ್ರು. ನನಗೆ ಗೊತ್ತಿತ್ತು ಯಾರಿಗೆ ಅಳ್ತಿದಾರೆ ಅಂತ. ಮಾರನೇ ವರ್ಷ ಇಲ್ಲಿಗೆ ವರ್ಗ ಆಗಿ ಬಂದ್ವಿ. ಒಂದು ದಿನ, ಹಾಡುಗಾರನ ತಿಥಿ ಮಾಡ್ತೀನಿ ಕಣೆ, ಆಷಾಢ ದಶಮಿ ಬೀಳುತ್ತೆ ಅಂದ್ರು. ನಾನು ಸುಮ್ನೆ ಹಾಲನ್ನ ಮಾಡಿದೆ. ಅವನಿಗೆ ಅದೇ ಇಷ್ಟ. ಇಷ್ಟು ವರ್ಷದಲ್ಲಿ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ."

"ವೈನಿ, ನಂದು ತಪ್ಪಾತ್ರಿ" ಎಂದೆ.

"ನಿಮಗೇನು ಗೊತ್ತಿತ್ತು ಬಿಡಿ" ಎಂದು ಎದ್ದು ಕನ್ನಡಕ ತಂದುಕೊಟ್ಟರು. "ಅವರಿಗೆ ಹೇಳ್ಬೇಡಿ ನಾನು ಹೇಳ್ದೆ ಅಂತ."

ಅಂಥ ಅವಮಾನ ನನಗೆ ಜೀವನದಲ್ಲಿ ಇನ್ನೊಮ್ಮೆ ಆಗಿಲ್ಲ. ಯಾರೂ ಮಾಡಿದ್ದಲ್ಲ, ನಾನೇ ಮಾಡಿಕೊಂಡದ್ದು. ಶಾಸ್ತ್ರ ಒಂದು ಕೂಸಿಗೆ ಕೊಡದ ದಿನವನ್ನು ಅವರು ಹೇಗೋ ಹಾಡುಗಾರನ ಹೆಸರಿನಲ್ಲಿ ಗಿಟ್ಟಿಸಿಕೊಂಡಿದ್ದರು. ನಾನು ಅದನ್ನು ಪಂಚಾಂಗ ತೋರಿಸಿ ಕಿತ್ತುಕೊಂಡಿದ್ದೆ, ಅದೂ ಅವರ ಮನೆಯ ವಡೆ ತಿನ್ನುತ್ತಾ. ಆ ವರ್ಷ ಹಾಡುಗಾರನ ದಿನವನ್ನು ಇಂಗ್ಲಿಷ್ ತಾರೀಖಿಗೇ ಮಾಡಿದರು. ಎಲ್ಲ ಸರಿಯಾಗಿ ನಡೆಯಿತು. ನಿಧಾನದ ಹಾಡೂ ಬಂತು. ಅವರು ಕೈಕಟ್ಟಿಕೊಂಡು, ಮೀಟಿಂಗಿನಲ್ಲಿ ಕೂತವರ ಹಾಗೆ ನೆಟ್ಟಗೆ ಕೂತಿದ್ದರು. ಅಳಲಿಲ್ಲ. ಗಾರ್ಡ್ ಸಾಹೇಬರು ಅವರ ಬೆನ್ನು ತಟ್ಟಲೆಂದು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದರು.

ಆಮೇಲೆ ಅವರಿಗೆ ಬಡ್ತಿ ಸಿಕ್ಕಿ ವಿಜಯವಾಡಕ್ಕೆ ವರ್ಗವಾಯಿತು. ಸ್ಟೇಷನ್ನಿನಲ್ಲಿ ಬೀಳ್ಕೊಡುವಾಗ, "ಅಲ್ಲಿ ಯಾರಿದಾರೋ ಹಾಡು ಕೇಳೋರು" ಎಂದರು, ಅಷ್ಟೇ. ರೈಲು ಹೋದ ಮೇಲೂ ಗಾರ್ಡ್ ಸಾಹೇಬರು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತೇ ಇದ್ದರು. ಸತ್ಯಂ ಅಂಗಡಿಗೆ ಹೋಗಿದ್ದ. "ಆ ಮನುಷ್ಯ ಹೋದ ವರ್ಷ ಯಾಕೆ ಅಳಲಿಲ್ಲ?" ಎಂದು ಕೇಳಿದರು. "ನನಗೆ ಅಂದಿನಿಂದ ಸಮಾಧಾನವಿಲ್ಲ."

ಗಂಡನಿಗೆ ಹೇಳಬೇಡಿ ಎಂದು ವೈನಿ ಹೇಳಿದ್ದರು. ಗಾರ್ಡ್ ಸಾಹೇಬರಿಗೆ ಹೇಳಬೇಡಿ ಎಂದಿರಲಿಲ್ಲ. ಇದು ವಕೀಲರ ವಾದ ಎಂದು ಗೊತ್ತಿದ್ದೂ ಹೇಳಿಬಿಟ್ಟೆ. ನನ್ನ ಹರಕು ತೆಲುಗಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಒಂದು ಗೂಡ್ಸ್ ಗಾಡಿ ಬಂದು ಹೋಯಿತು. ಮುದುಕರು ಹಳಿಗಳ ಕಡೆಗೆ ತಿರುಗಿದರು.

"ನಮ್ಮಲ್ಲಿ ಒಂದು ದಿನದ ಕೂಸು ಹೋದರೂ ಕಲ್ಲಿನ ಮೇಲೆ ಹೆಸರು ಕೆತ್ತುತ್ತೇವೆ" ಎಂದರು. "ಆ ಬಟ್ಟಲು ಸಣ್ಣದು ಎಂದು ನಾನು ಪ್ರತಿ ವರ್ಷ ನಗುತ್ತಿದ್ದೆ. ದಿನ ತಪ್ಪು ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನೂ ನಾನೇ." ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. "ಮುಂದಿನ ಆಷಾಢದಲ್ಲಿ ಆ ದಿನ ಯಾವಾಗ ಬರುತ್ತೆ, ನೋಡಿ ಹೇಳು. ಈ ಸಲ ಸರಿಯಾಗಿ ನೋಡು."

ಸರಿಯಾಗಿಯೇ ನೋಡಿದೆ. ಹೊಸ ಪಂಚಾಂಗ ತಂದು, ಸಾಲದೆಂದು ತೆಲುಗು ಪಂಚಾಂಗವನ್ನೂ ತಂದು, ಎರಡನ್ನೂ ತಾಳೆ ಹಾಕಿದೆ. ಭಾನುವಾರ ಬಂದಿತ್ತು. ಹಿಂದಿನ ದಿನದ ರೈಲಿಗೆ ನಾವು ಮೂವರೂ ಹತ್ತಿದೆವು. ಸತ್ಯಂಗೆ ದಾರಿಯಲ್ಲಿ ವಿಷಯ ಹೇಳಿದಾಗ ಅವನು, "ಅಯ್ಯಯ್ಯೋ, ನಾನು ಚಪ್ಪಾಳೆ ತಟ್ಟಿದೆನಲ್ಲಂಡಿ" ಎಂದು ತಲೆಯ ಮೇಲೆ ಕೈ ಹೊತ್ತು ಕೂತ. ನನಗೆ ಅದಕ್ಕಿಂತ ದೊಡ್ಡ ಭಯವಿತ್ತು. ಕೊಟ್ಟ ಮಾತಿನ ಅರ್ಧವನ್ನು ಮುರಿದಿದ್ದೆ. ಅವರು ಮುಖ ತಿರುಗಿಸಿ ಬಾಗಿಲು ಹಾಕಿಕೊಂಡರೆ? ವೈನಿ ಇನ್ನೆಂದೂ ನನ್ನ ಮುಖ ನೋಡದಿದ್ದರೆ?

ವಿಜಯವಾಡದಲ್ಲಿ ಆಷಾಢದಲ್ಲೂ ಬೆಂಕಿಯಂಥ ಬಿಸಿಲು. ಗವರ್ನರ್‌ಪೇಟೆಯ ಒಂದು ಬಟ್ಟೆಯ ಹೋಲ್‌ಸೇಲ್ ಅಂಗಡಿಯ ಮೇಲೆ ಅವರ ಮನೆ. ಕೆಳಗೆ ಭಾನುವಾರವೂ ಮೂಟೆ ಇಳಿಸುವವರ ಕೂಗು, ಆಟೋಗಳ ಗಲಾಟೆ. ಕಡಿದಾದ ಮೆಟ್ಟಿಲು ಹತ್ತಿ ಗಾರ್ಡ್ ಸಾಹೇಬರಿಗೆ ಏದುಸಿರು ಬಂದಿತ್ತು. ಬಾಗಿಲು ತೆಗೆದವರು ಅವರೇ. ಪಂಚೆ, ಬನಿಯನ್ನು, ಮೂರು ದಿನದ ಗಡ್ಡ. ಹಣೆಯ ಮೇಲೆ ಕೂದಲು ಬಾಚದೆ ಬಿದ್ದುಕೊಂಡಿತ್ತು. ನಮ್ಮ ಮೂವರನ್ನೂ ಒಟ್ಟಿಗೆ ಕಂಡು, "ಇವತ್ತಲ್ಲ ಸಾರ್. ಹಾಡುಗಾರಂದು ಇನ್ನೂ ಮುಂದಿದೆ" ಎಂದರು.

"ಹಾಡುಗಾರನಿಗಾಗಿ ಬಂದಿಲ್ಲ" ಎಂದರು ಗಾರ್ಡ್ ಸಾಹೇಬರು.

ಅವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಕೋಪ ಬರುವುದನ್ನೇ ಕಾಯುತ್ತಾ ನಿಂತೆ. ಅಷ್ಟರಲ್ಲಿ ಒಳಗಿನಿಂದ ಬಂದ ವೈನಿ ಗಂಡನ ಹಿಂದೆ ನಿಂತು ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಕೆಳಗೆ ಯಾರೋ ಮೂಟೆ ಎಣಿಸುತ್ತಿದ್ದರು.

ಗಾರ್ಡ್ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ವೈನಿಯ ಕಡೆ ತಿರುಗಿ, ತೆಲುಗಿನಲ್ಲಿ, ಬಹಳ ಮೆಲ್ಲಗೆ ಕೇಳಿದರು:

"ಬಾಬು ಪೇರೇಂಟಮ್ಮಾ?"

ಮಗುವಿನ ಹೆಸರೇನಮ್ಮಾ ಎಂದು. ವೈನಿಯ ತುಟಿ ಅಲುಗಿತು, ದನಿ ಹೊರಡಲಿಲ್ಲ. ಗಂಡನ ಮುಖ ನೋಡಿದರು. ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದರು. ಹನ್ನೊಂದು, ಹನ್ನೆರಡು ವರ್ಷ ಆ ಮನೆಯಲ್ಲಿ ಯಾರೂ ಎತ್ತದ ಹೆಸರು.

"ಅನಂತ" ಎಂದರು ಅವರು. ಸ್ವಲ್ಪ ತಡೆದು, "ಮನೇಲಿ ಅಂತು ಅಂತಿದ್ವಿ" ಎಂದರು.

ವೈನಿ ಅಲ್ಲೇ ಕುಸಿದು ಕೂತು ಅತ್ತರು. ಇಷ್ಟು ವರ್ಷ ಬಾಗಿಲಿಗೆ ಒರಗಿ ನಿಂತವರು ಅಂದು ನಡುಮನೆಯಲ್ಲಿ, ನಮ್ಮೆಲ್ಲರ ಎದುರಿಗೆ, ಬಾಯಿಗೆ ಸೆರಗೂ ಅಡ್ಡ ಇಡದೆ ಅತ್ತರು. ಅವರು ಪಕ್ಕದಲ್ಲಿ ಕೂತು ಆಕೆಯ ಕೈ ಹಿಡಿದುಕೊಂಡರು. ಸತ್ಯಂ ಗೋಡೆಗೆ ಮುಖ ಮಾಡಿ ನಿಂತ. ನಾನೂ ಅತ್ತೆ, ನಾಚಿಕೆ ಏನು.

ಆಮೇಲೆ ಕಾಫಿ ಆಯಿತು. ಹಾಡು ಹಾಕಲಿಲ್ಲ, ಯಾರಿಗೂ ಅದರ ನೆನಪಾಗಲಿಲ್ಲ. ಅವರು ಮಾತಾಡಿದರು, ಮಧ್ಯಾಹ್ನದವರೆಗೂ ಮಾತಾಡಿದರು. ಅಂತು ಅಕ್ಕಿ ಡಬ್ಬಿಯೊಳಗೆ ಚಪ್ಪಲಿ ಬಚ್ಚಿಟ್ಟದ್ದು, ಅಂತು ತಾತನ ಪಂಚಪಾತ್ರೆಯ ನೀರು ಕುಡಿದದ್ದು, ಅಂತುವಿಗೆ ಬೆಕ್ಕು ಎಂದರೆ ಹೆದರಿಕೆ, ನಾಯಿ ಎಂದರೆ ಅಲ್ಲ. ಒಂದು ಹೇಳಿದರೆ ವೈನಿ ಇನ್ನೊಂದು ನೆನಪು ಮಾಡುತ್ತಿದ್ದರು. ಹಾಡುಗಾರನ ರೆಕಾರ್ಡು ಹಾಕಿದರೆ ಎಲ್ಲಿದ್ದರೂ ಓಡಿ ಬಂದು ಕುಣಿಯುತ್ತಿದ್ದನಂತೆ.

"ಹೇಗೆ ಕುಣಿಯುತ್ತಿದ್ದ?" ಎಂದು ಗಾರ್ಡ್ ಸಾಹೇಬರು ಕೇಳಿದರು.

ಅವರು ಎದ್ದರು. ಪಂಚೆಯನ್ನು ಎತ್ತಿ ಕಟ್ಟಿದರು. ನಡುಮನೆಯ ಮಧ್ಯೆ ನಿಂತು, ಆ ಭಾರದ ಮೈಯನ್ನು, ಮ್ಯಾನೇಜರರ ಹೊಟ್ಟೆಯನ್ನು, ಮೂರು ವರ್ಷ ತುಂಬದ ಮಗುವಿನ ಹಾಗೆ ಅತ್ತಿಂದಿತ್ತ ಕುಲುಕಿಸಿದರು. ಹೆಜ್ಜೆ ತಪ್ಪುತ್ತಿತ್ತು. ಬೇಕೆಂದೇ ತಪ್ಪಿಸುತ್ತಿದ್ದರು, ಮಗು ಹಾಗೆಯೇ ತಪ್ಪುತ್ತಿತ್ತಲ್ಲ. ಸತ್ಯಂ ಮೆಲ್ಲಗೆ ಚಪ್ಪಾಳೆ ಹಿಡಿದ. ಅವರ ಕಣ್ಣಿನಲ್ಲಿ ನೀರಿರಲಿಲ್ಲ.

ವೈನಿ ನೋಡುತ್ತಾ ನೋಡುತ್ತಾ ತಲೆಯಾಡಿಸಿದರು.

"ಹಾಗಲ್ಲ ರೀ" ಎಂದರು. "ನೀವು ಮರ್ತಿದೀರಿ. ಎರಡೂ ಕೈ ಮೇಲಿರ್ತಿತ್ತು, ಎತ್ಕೊ ಎತ್ಕೊ ಅನ್ನೋ ಹಾಗೆ."

ಆಕೆ ಕೂತಲ್ಲಿಂದಲೇ ಎರಡೂ ಕೈಗಳನ್ನು ಮೇಲೆತ್ತಿ ತೋರಿಸಿದರು.